ಮಂತ್ರಗಾರನ ಬುಗುರಿ

ಆ ಭಾನುವಾರಗಳಲ್ಲಿ ನಾವು ನಾಲ್ವರೇ ಇರುತ್ತಿದ್ದೆವು. ಒಬ್ಬ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ನನ್ನ ಗೆಳೆಯ. ಪ್ರೈಮರಿ ಶಾಲೆಯಿಂದ ಒಂದೇ ಬೆಂಚು. ಕೂರುತ್ತಿದ್ದದ್ದು ಅವನ ಕಾರ್ಖಾನೆಯಲ್ಲೇ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಎರಡು ಲೇತ್ ಮಿಷನ್ನು, ಮೂಲೆಯಲ್ಲಿ ಹಾಲೆ ಮರದ ತುಂಡುಗಳ ರಾಶಿ, ಎಲ್ಲದರ ಮೇಲೂ ರಾಗಿ ಹಿಟ್ಟಿನಂಥ ಮರದ ಪುಡಿ. ಇನ್ನೊಬ್ಬರು ಕನಕಪುರದ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಮೇಷ್ಟ್ರು, ಐವತ್ತು ದಾಟಿದವರು, ಬೈಕಿನಲ್ಲಿ ಬಂದು ಹೆಲ್ಮೆಟ್ ತೆಗೆಯುವುದಕ್ಕೂ ಮೊದಲೇ ಕತೆ ಶುರು ಮಾಡುವವರು. ಮಾಗಡಿ ಕಡೆಯಿಂದ ಬಂದು ರಾಮನಗರದ ಆಸ್ಪತ್ರೆಯಲ್ಲಿ ನರ್ಸಾಗಿದ್ದವರನ್ನು ನಾವೆಲ್ಲ ಸಿಸ್ಟರ್ ಎಂದೇ ಕರೆಯುತ್ತಿದ್ದೆವು. ನಾಲ್ಕನೆಯವನು ನಾನು, ಸಾತನೂರು ಮಾರ್ಗದ ಸರ್ಕಾರಿ ಬಸ್ಸಿನ ಕಂಡಕ್ಟರ್. ನನ್ನ ವಾರದ ರಜೆ ಭಾನುವಾರ.

ಆಟ ಮೇಷ್ಟ್ರು ತಂದದ್ದು. ಅವರ ಹಳೆಯ ವಿದ್ಯಾರ್ಥಿಯೊಬ್ಬ ದಪ್ಪನೆಯ ಇಂಗ್ಲಿಷ್ ಪುಸ್ತಕ ಕೊಟ್ಟಿದ್ದನಂತೆ. ಚೌಕಾಬಾರದ ಹಾಗೆ ಮನೆ ನಡೆಸುವ ಆಟವಲ್ಲ ಅದು. ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ಆ ಕತೆಯೊಳಗೆ ಒಂದೊಂದು ಪಾತ್ರವಾಗಿ, ಬಾಯಿಂದಲೇ ಕಾಡು ಸುತ್ತಿ, ಕೋಟೆ ಹತ್ತಿ, ರಾಕ್ಷಸರ ಜೊತೆ ಹೊಡೆದಾಡಬೇಕು. ಗೆದ್ದೆವೋ ಸೋತೆವೋ ಎಂಬುದನ್ನು ದಾಳ ಹೇಳುತ್ತದೆ. ಸಿಸ್ಟರ್ ಕತ್ತಿ ಹಿಡಿದ ಹೆಣ್ಣಾದರು. ವಾರವೆಲ್ಲ ಸೂಜಿ ಚುಚ್ಚುತ್ತೀನಿ, ಭಾನುವಾರವಾದರೂ ದೊಡ್ಡದು ಚುಚ್ಚೋಣ ಎಂದು ಅವರೇ ನಗುತ್ತಿದ್ದರು. ಗೆಳೆಯ ಕಳ್ಳನಾದ. ನನಗೆ ಉಳಿದದ್ದು ಮಂತ್ರಗಾರ.

ಪುಸ್ತಕದ ಜೊತೆ ಬಂದಿದ್ದ ಇಪ್ಪತ್ತು ಮುಖದ ಪ್ಲಾಸ್ಟಿಕ್ ದಾಳ ಎರಡನೇ ವಾರವೇ ಮರದ ಪುಡಿಯಲ್ಲಿ ಎಲ್ಲೋ ಮುಳುಗಿಹೋಯಿತು. ಗೆಳೆಯ ಮಾರನೇ ಭಾನುವಾರಕ್ಕೆ ಒಂದು ಬುಗುರಿ ಕಡೆದು ತಂದ. ಹಳದಿ ಅರಗು ಹಾಕಿದ್ದು, ಹೊಟ್ಟೆಯ ಸುತ್ತ ಹನ್ನೆರಡು ಪಟ್ಟಿ, ಪಟ್ಟಿಗೊಂದು ಅಂಕಿ. ಬೆರಳಲ್ಲಿ ತಿರುಗಿಸಿ ಬಿಟ್ಟರೆ ಸುತ್ತಿ ಸುತ್ತಿ ಅಡ್ಡ ಬೀಳುತ್ತದೆ. ಮೇಲಕ್ಕೆ ಕಂಡ ಅಂಕಿಯೇ ಲೆಕ್ಕ. "ಇಪ್ಪತ್ ಮುಖ ನನ್ ಕೈಲಾಗಲ್ಲ ಸಾ, ಹನ್ನೆರಡ್ರಲ್ಲೇ ಸುಧಾರ್ಸ್ಕಳಿ" ಎಂದ. ಹಾಗೆ ಹನ್ನೆರಡಕ್ಕೆ ಇಳಿದ ಮೇಲೆ ಪುಸ್ತಕದ ಕಾನೂನುಗಳು ಹೊಂದಲಿಲ್ಲ. ಮೇಷ್ಟ್ರು ನಮ್ಮದೇ ಕಾನೂನು ಮಾಡಿದರು.

ಮಂತ್ರದ ವಿಚಾರದಲ್ಲಿ ಅವರು ಬಹಳ ಬಿಗಿ. ಪುಸ್ತಕದ ಪ್ರಕಾರ ಮಂತ್ರದ ಹೆಸರು ಹೇಳಿದರೆ ಸಾಕು. "ನಮ್ಮ ಮೇಜಿನ ಮೇಲೆ ಅದು ನಡೆಯಲ್ಲ" ಎಂದರು ಮೇಷ್ಟ್ರು. "ಮಂತ್ರವನ್ನ ಪೂರ್ತಿ ಬಾಯ್ಬಿಟ್ಟು ಹೇಳಬೇಕು. ಕನ್ನಡದಲ್ಲಿ ಹೇಳಬೇಕು. ಓದಿ ಹೇಳೋ ಹಾಗಿಲ್ಲ. ಒಂದೋ ಹಿರಿಯರಿಂದ ಕೇಳಿದ ಮಾತಾಗಿರಬೇಕು, ಇಲ್ಲ ಆಗ ಹುಟ್ಟಿದ ಮಾತಾಗಿರಬೇಕು." ಹೇಳಿ ಮುಗಿಸಿ ಬುಗುರಿ ಬಿಡಬೇಕು. ಏಳು, ಏಳರ ಮೇಲೆ ಬಿದ್ದರೆ ಮಂತ್ರ ಫಲಿಸಿತು. ಕೆಳಗೆ ಬಿದ್ದರೆ ಇಲ್ಲ. ಒಂದು ಬಿದ್ದರೆ ಮಾತ್ರ ಆ ಮಾತು ಮಂತ್ರಗಾರನ ಬಾಯಿಂದ ಶಾಶ್ವತವಾಗಿ ಹೋಯಿತು. ಮತ್ತೆಂದೂ ಆ ಮೇಜಿನ ಮುಂದೆ ಅದನ್ನು ಆಡುವಂತಿಲ್ಲ. ಹೇಳಿದ ಮಂತ್ರಗಳನ್ನೆಲ್ಲ ಮೇಷ್ಟ್ರು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಒಂದು ಬಿದ್ದದ್ದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕುತ್ತಿದ್ದರು.

ನನಗೆ ಈ ಕಾನೂನು ಕೇಳಿ ಮೈ ಜುಮ್ಮೆಂದಿತು. ನಾನು ಓದಿದ್ದು ಕಡಿಮೆ, ಕೇಳಿದ್ದು ಹೆಚ್ಚು. ಸಾತನೂರಿನ ಆಚೆ ನಮ್ಮ ಊರಲ್ಲಿ ತಾತನ ಪಕ್ಕ ಮಲಗಿ, ದೊಡ್ಡವ್ವನ ಹಿಂದೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಮಾತು ಕಲಿತವನು. ಅವರು ಒಂದು ಕೊಡ ನೀರು ಇಳಿಸುವಾಗಲೂ ಸುಮ್ಮನೆ ಇಳಿಸುತ್ತಿರಲಿಲ್ಲ, ಕೊಡಕ್ಕೆ ಏನಾದರೂ ಹೇಳಿ ಇಳಿಸುತ್ತಿದ್ದರು. ಬಸ್ಸಿನಲ್ಲಿ ನಾನು ನಾಲ್ಕು ಮಾತು ಹೆಚ್ಚಿಗೆ ಆಡುತ್ತೇನೆ ಎಂದು ಡ್ರೈವರ್ ಬೈಯುತ್ತಾನೆ. ಅಂಥವನಿಗೆ ಮಾತೇ ಆಯುಧವಾಗುವ ಆಟ ಸಿಕ್ಕಿತ್ತು.

ಹಳದಿ ಬುಗುರಿ ಬಂದ ಮೊದಲ ತಿಂಗಳಲ್ಲೇ ನನಗೆ ಎರಡು ಸಲ ಒಂದು ಬಿತ್ತು.

ಮೊದಲನೆಯದು ಗಾಳಿಯ ಮಂತ್ರ. ಕಣದಲ್ಲಿ ರಾಗಿ ತೂರುವಾಗ ಗಾಳಿ ನಿಂತುಬಿಟ್ಟರೆ ತಾತ ಮೊರ ಕೆಳಗಿಟ್ಟು, ನೆಂಟನನ್ನು ಕರೆದಂತೆ ಕರೆಯುತ್ತಿದ್ದ: "ಬಾರಣ್ಣ, ಬೆಟ್ಟದ ಮ್ಯಾಗ್ಳ ಅಣ್ಣ, ಉಂಡಿದ್ರೆ ಕೈ ತೊಳ್ಕೊಂಡು ಬಾ, ಉಣ್ದಿದ್ರೆ ಇಲ್ಲೇ ಉಂಡೋಗು, ನಿನ್ ಪಾಲು ಕಣದಲ್ಲೈತೆ." ಕತೆಯೊಳಗಿನ ಹಡಗಿಗೆ ಗಾಳಿ ಬೇಕಾಗಿತ್ತು, ನಾನು ಅದನ್ನೇ ಹೇಳಿದೆ. ಬುಗುರಿ ಅಡ್ಡ ಬಿತ್ತು, ಒಂದು. ಮೇಷ್ಟ್ರು ಕೆಂಪು ಗೆರೆ ಎಳೆದರು. ಎರಡು ವಾರಕ್ಕೆ ಒದೆಯುವ ಹಸುವನ್ನು ದೊಡ್ಡವ್ವ ಸಮಾಧಾನ ಮಾಡುವ ಮಾತೂ ಹಾಗೇ ಹೋಯಿತು. ಆಟ ತಾನೆ ಎಂದು ನೀವು ಕೇಳಬಹುದು. ನಾನೂ ನನ್ನನ್ನು ಹಾಗೇ ಕೇಳಿಕೊಂಡೆ. ಆದರೆ ತಾತ ಸತ್ತು ಬಹಳ ವರ್ಷವಾಗಿತ್ತು, ಅವನ ಮಾತಿನ ಮೇಲೆ ಕೆಂಪು ಗೆರೆ ಕಂಡ ಮೇಲೆ ಆ ಮೇಜಿಗೆ ಹೋಗಲು ಮನಸ್ಸಾಗಲಿಲ್ಲ. ಡ್ಯೂಟಿ ಇದೆ ಎಂದು ಸುಳ್ಳು ಹೇಳಿ ಮೂರು ಭಾನುವಾರ ಹೋಗಲಿಲ್ಲ.

ನಾಲ್ಕನೇ ಭಾನುವಾರ ಗೆಳೆಯ ಮನೆಗೇ ಬಂದ. "ಏನ್ಲಾ, ಬುಗುರಿಗೆ ಹೆದ್ರುಕೊಂಡ್ಬುಟ್ಯಾ? ಬಾ, ನಿಂಗೇ ಅಂತ ಒಂದ್ ಕಡ್ದಿವ್ನಿ" ಎಂದು ಎಳೆದುಕೊಂಡು ಹೋದ. ಕೆಂಪು ಮತ್ತು ಕಪ್ಪು ಅರಗು, ತಾಳೆಗರಿಯಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಿದ ಬುಗುರಿ. ಅಷ್ಟು ಚಂದದ ವಸ್ತುವನ್ನು ಯಾರೂ ನನಗೆಂದು ಮಾಡಿಕೊಟ್ಟಿರಲಿಲ್ಲ. ಮೇಷ್ಟ್ರು ನೋಟ್‌ಬುಕ್ ತೆರೆದು ಹೊಸ ಕಾನೂನು ಓದಿದರು: "ಮಂತ್ರಗಾರನ ಬುಗುರಿ ಮಂತ್ರಗಾರನದು. ಅದನ್ನು ಬೇರೆ ಯಾರೂ ತಿರುಗಿಸುವಂತಿಲ್ಲ. ಅವನೂ ಅದನ್ನು ಮಂತ್ರಕ್ಕಲ್ಲದೆ ತಿರುಗಿಸುವಂತಿಲ್ಲ." ಸಿಸ್ಟರ್ ಚಪ್ಪಾಳೆ ತಟ್ಟಿದರು. ನನಗೆ ಸನ್ಮಾನವಾದಂತೆ ಆಯಿತು. ಶಾಲು ಒಂದು ಹೊದಿಸಲಿಲ್ಲ, ಅಷ್ಟೆ.

ಅಲ್ಲಿಂದ ಎರಡು ವರ್ಷ ನನಗೆ ಒಂದು ಬೀಳಲೇ ಇಲ್ಲ.

ಏಳರ ಕೆಳಗೆ ಆಗೊಮ್ಮೆ ಈಗೊಮ್ಮೆ ಬೀಳುತ್ತಿತ್ತು. ಹೆಚ್ಚಾಗಿ ಹತ್ತು, ಹನ್ನೊಂದು, ಹನ್ನೆರಡು. ಉಳಿದವರು ಹಳದಿ ಬುಗುರಿಯಲ್ಲಿ ಏಳುತ್ತ ಬೀಳುತ್ತ ಆಡುತ್ತಿದ್ದರು. ನನ್ನದು ಮಾತ್ರ ನೆಟ್ಟಗೆ ನಡೆಯುತ್ತಿತ್ತು. ಇದಕ್ಕೆ ನಾನೊಂದು ಕಾರಣ ಕಂಡುಕೊಂಡಿದ್ದೆ. ಮೊದಲ ತಿಂಗಳು ನಾನು ಹಿರಿಯರ ಮಾತನ್ನು ಉಡಾಫೆಯಾಗಿ, ಬಸ್ ಸ್ಟಾಪಿನ ಹೆಸರು ಕೂಗಿದಂತೆ ಕೂಗಿದ್ದೆ. ಅದಕ್ಕೇ ಹೋಯಿತು. ಈಗ ಕೈ ತೊಳೆದು, ಕಣ್ಣು ಮುಚ್ಚಿ, ಆ ಮಾತು ಆಡಿದವರ ಮುಖ ನೆನೆದು, ಅವರ ಉಸಿರಿನಲ್ಲೇ ಹೇಳುತ್ತೇನೆ. ಅದಕ್ಕೇ ಬುಗುರಿ ಕೇಳುತ್ತದೆ. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ, ಒಳಗೊಳಗೇ ನಂಬಿದ್ದೆ. ನಂಬಿ ಮಾತು ಹುಡುಕುತ್ತ ಹೊರಟೆ. ಬಸ್ಸಿನಲ್ಲಿ ಮುದುಕಿಯರು ಹತ್ತಿದರೆ ಟಿಕೆಟ್ ಕೊಟ್ಟ ಮೇಲೆ ಪಕ್ಕದಲ್ಲೇ ನಿಂತು, ಅಜ್ಜಿ, ಮಗು ಅಳು ನಿಲ್ಲಿಸದಿದ್ದರೆ ನಿಮ್ಮ ಕಾಲದಲ್ಲಿ ಏನು ಹೇಳುತ್ತಿದ್ದಿರಿ, ಒಲೆ ಹತ್ತಿಕೊಳ್ಳದಿದ್ದರೆ ಏನು ಬೈಯುತ್ತಿದ್ದಿರಿ ಎಂದು ಕೇಳುವುದು. "ಈ ಕಂಡಕ್ಟ್ರಿಗೆ ಏನಾಯ್ತೆ" ಎಂದು ಅವರು ನಗುತ್ತಿದ್ದರು, ನಗುತ್ತಲೇ ಹೇಳುತ್ತಿದ್ದರು.

ಹೆಚ್ಚು ಕೊಟ್ಟವಳು ದೊಡ್ಡವ್ವ. ಎಂಬತ್ತರ ಹತ್ತಿರ, ಈಗಲೂ ಊರಲ್ಲಿ ಎರಡು ಹಸು ಕರೆದು ಡೇರಿಗೆ ಹಾಲು ಹಾಕುವವಳು. ಅವಳಿಗೆ ಆಟ ಅರ್ಥವಾಗಿರಲಿಲ್ಲ. ತನ್ನ ಮಾತನ್ನು ಮಗ ಎಲ್ಲೋ ಪಂದ್ಯಕ್ಕೆ ಇಳಿಸುತ್ತಾನೆ ಎಂಬಷ್ಟು ಅರ್ಥವಾಗಿತ್ತು. ಹೋದಾಗಲೆಲ್ಲ ಹೊಸಿಲಲ್ಲೇ ಕೇಳುತ್ತಿದ್ದಳು: "ಈ ಸಲ ನನ್ ಮಾತು ಗೆಲ್ತೇನ್ಲಾ?"

"ಗೆಲ್ತು ಕಣವ್ವ."

"ಮತ್ತೆ! ಸುಮ್ನೇನಾ?" ಎಂದು ಸೆರಗು ಸರಿಮಾಡಿಕೊಳ್ಳುವಳು.

ನನ್ನ ಆಟದ ದೊಡ್ಡ ದಿನವೂ ಅವಳ ಮಾತಿನಿಂದಲೇ ಬಂತು. ಕತೆಯಲ್ಲಿ ನಾವು ಒಂದು ಕೊರಕಲಿನ ಅಂಚಿಗೆ ಬಂದು ನಿಂತಿದ್ದೆವು. ಕೆಳಗೆ ಹೊಳೆ, ಹಿಂದೆ ಶತ್ರುಗಳು. ಸೇತುವೆ ಇಲ್ಲ. ಸಿಸ್ಟರ್ ಪಾತ್ರಕ್ಕೆ ಗಾಯವಾಗಿತ್ತು, ಗೆಳೆಯನ ಕಳ್ಳ ಅವಳನ್ನು ಹೊತ್ತಿದ್ದ. ನಾನು ಕಣ್ಣು ಮುಚ್ಚಿ, ದೊಡ್ಡವ್ವ ಮದುವೆಯಾದ ಹೊಸದರಲ್ಲಿ ಹಳ್ಳ ದಾಟುವಾಗ ಹೇಳಿಕೊಂಡಿದ್ದಳೆಂಬ ಮಾತನ್ನು ಹೇಳಿದೆ: "ಅವ್ವಾ ಹೊಳೆವ್ವ, ತವರಿಂದ ಮಗ್ಳು ಒಂಟವ್ಳೆ. ಸೀರೆ ನೆನೀಬಾರ್ದು, ಮಡ್ಲಕ್ಕಿ ನೆನೀಬಾರ್ದು. ಒಸಿ ಬೆನ್ನು ಕೊಡು, ದಾಟ್ಕೊಂಡೋಯ್ತೀನಿ." ಬುಗುರಿ ಬಿಟ್ಟೆ. ಬಹಳ ಹೊತ್ತು ಸುತ್ತಿತು. ಹನ್ನೆರಡು. ಗೆಳೆಯ ಮೇಜು ಗುದ್ದಿ ಕುಣಿದ. ಸಿಸ್ಟರ್ ಕಣ್ಣೊರೆಸಿಕೊಂಡರು. ಮೇಷ್ಟ್ರು ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆಮೇಲೆ "ಹೊಳೆ ಬೆನ್ನು ಕೊಟ್ಟಿತು, ದಾಟಿ" ಎಂದರು.

ಅದಾದ ಮೇಲೆ ಗೆಳೆಯನ ಹೊಸ ಮನೆಯ ಗೃಹಪ್ರವೇಶ ಹತ್ತಿರ ಬಂತು. ಊರಿಗೆಲ್ಲ ಬೊಂಬೆ ಮಾಡುವವನಿಗೆ ಬೊಂಬೆ ಮಾಡಿಕೊಡುವವರು ಯಾರೂ ಇಲ್ಲವಲ್ಲ ಎನಿಸಿತು. ನನ್ನ ಕೆಂಪು ಬುಗುರಿಗೆ ಜೋಡಿಯೊಂದನ್ನು ಬೇರೆ ಕಡೆ ಗುಟ್ಟಾಗಿ ಮಾಡಿಸಿ ಕೊಡಬೇಕೆಂದುಕೊಂಡೆ. ಡ್ಯೂಟಿಯ ಬ್ಯಾಗಿನಲ್ಲಿ ಟಿಕೆಟ್ ಮಿಷನ್ನಿನ ಪಕ್ಕದಲ್ಲೇ ನನ್ನ ಬುಗುರಿ ಇರುತ್ತಿತ್ತು. ಇನ್ನೊಂದು ಬೀದಿಯಲ್ಲಿ ಕಡೆಯುವ ಒಬ್ಬ ಅಜ್ಜನ ಕೈಗೆ ಕೊಟ್ಟು, ಇಂಥದ್ದೇ ಬೇಕು ಅಂದೆ.

ಅಜ್ಜ ಬೆಳಕಿಗೆ ಹಿಡಿದು ನೋಡಿ ತಲೆದೂಗಿದ. "ಕೈ ಚೆನ್ನಾಗೈತೆ. ಅಳ್ತೆ ನೋಡ್ತೀನಿ ಇರು" ಎಂದು ಅದರ ಕಡ್ಡಿಯನ್ನು ಮಿಷನ್ನಿಗೆ ಸಿಕ್ಕಿಸಿ ಸ್ವಿಚ್ ಹಾಕಿದ. ಬುಗುರಿ ಗಡಗಡ ನಡುಗಿತು. ಅಜ್ಜ ತಕ್ಷಣ ನಿಲ್ಲಿಸಿದ. ಇನ್ನೊಂದು ಸಲ ಹಾಕಿದ, ಮತ್ತೆ ನಡುಗಿತು. ಮಿಷನ್ನಿಂದ ಬಿಡಿಸಿ ಪಕ್ಕದ ನೀರಿನ ಬಕೆಟ್ಟಿಗೆ ಹಾಕಿದ. ಬುಗುರಿ ತೇಲುತ್ತ ಒಂದು ಸುತ್ತು ಹೊರಳಿ ನಿಂತಿತು. ಬೆರಳಿಂದ ಹೊರಳಿಸಿದರೆ ಮತ್ತೆ ಅದೇ ಮಗ್ಗುಲಿಗೆ. ಒಂದು ಎಂಬ ಅಂಕಿ ನೀರಿನಡಿ, ಹನ್ನೆರಡು ಆಕಾಶಕ್ಕೆ.

"ಇದ್ರೊಳ್ಗೆ ಏನೋ ಮಡಗವ್ರೆ ಕಣಪ್ಪ" ಎಂದು ಅಜ್ಜ ದಬ್ಬಳ ತೆಗೆದುಕೊಂಡ. ನಾನು ಬೇಡ ಎನ್ನುವಷ್ಟರಲ್ಲಿ ಒಂದರ ಪಟ್ಟಿಯ ಮೇಲಿನ ಅರಗು ಎದ್ದಿತ್ತು. ಒಳಗೆ ಎರಡು ಸಣ್ಣ ತೂತು, ಮೀನಿನ ಬಲೆಗೆ ಕಟ್ಟುವಂಥ ಸೀಸದ ಎರಡು ಗುಂಡು. ಅಜ್ಜ ಅವನ್ನು ಅಂಗೈಯಲ್ಲಿ ಉರುಳಿಸಿ ನನ್ನ ಮುಖ ನೋಡಿ ನಕ್ಕ.

"ಜೂಜಿನ ಸಾಮಾನು. ಯಾರ್ಗೆ ಟೋಪಿ ಹಾಕ್ತಾ ಇದ್ದೀಯಪ್ಪ ಯೂನಿಫಾರ್ಮ್ ಹಾಕ್ಕೊಂಡು?"

"ನಂಗೇ ಹಾಕವ್ರೆ ಕಣಜ್ಜ" ಅಂದೆ. ಅವನು ಅದನ್ನೂ ತಮಾಷೆ ಎಂದುಕೊಂಡು ಇನ್ನೂ ಜೋರಾಗಿ ನಕ್ಕ.

ಆ ಭಾನುವಾರ ಗುಂಡುಗಳನ್ನು ಮೇಜಿನ ಮೇಲಿಟ್ಟೆ. ಮೂವರಲ್ಲಿ ಒಬ್ಬರಾದರೂ ಇದೇನು ಎಂದು ಕೇಳುತ್ತಾರೆ, ಕೇಳಿದವರಿಗೆ ಗೊತ್ತಿರಲಿಲ್ಲ ಎಂದು ಅವರನ್ನು ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಯಾರೂ ಕೇಳಲಿಲ್ಲ.

ಮೊದಲು ಬಾಯಿಬಿಟ್ಟವನು ಗೆಳೆಯ. "ಅರಗು ಕಿತ್ತಾಕ್ಬುಟ್ಯಾ ಲೇ? ಅದ್ಕೆ ಪಾಲಿಶ್ ಕೂರ್ಸಕ್ಕೆ ನಾಕ್ ದಿನ ಹಿಡ್ದಿತ್ತು ಕಣ್ಲಾ."

"ನಾಕ್ ದಿನ ಕೂತ್ಕಂಡು ನಂಗೆ ಗುಂಡಿ ತೋಡ್ದೆಯಲ್ಲ, ನಿನ್ಗೆ ಕೈ ನೋಯ್ಲಿಲ್ವಾ?"

"ಗುಂಡಿ ಯಾಕ್ಲಾ ತೋಡ್ಲಿ? ಬೀಳ್ದಂಗೆ ಮಾಡ್ದೆ."

ಸಿಸ್ಟರ್ ಕೈ ಅಡ್ಡ ತಂದರು. "ಅಣ್ಣ, ತಪ್ಪು ಮೂರೂ ಜನದ್ದು. ನೀವು ಮೂರು ವಾರ ಬರಲಿಲ್ವಲ್ಲ, ಆಗ ನಾವು ಮೂವರೇ ಆಡಿದ್ವಿ. ಅಯ್ಯೋ, ಆ ಆಟನ ಏನಂತೀರ! ಇವ್ರು ಕಳ್ಳತನ ಮಾಡೋದು, ನಾನು ಕತ್ತಿ ಬೀಸೋದು, ಮೇಷ್ಟ್ರು ಆಕಳಿಸೋದು. ನೀವಿಲ್ದೆ ಇದು ಮುಗಿದೇ ಹೋಯ್ತಿತ್ತು. ಇನ್ನೊಂದು ಮಾತು ಹೋದ್ರೆ ನೀವು ಬರಲ್ಲ ಅಂತ ಗೊತ್ತಿತ್ತು."

ನಾನು ಮೇಷ್ಟ್ರ ಕಡೆ ತಿರುಗಿದೆ. "ಸಾರ್, ಕಾನೂನು ನಿಮ್ದು. ಒಂದು ಬಿದ್ರೂ ಮಾತು ಹೋಗಲ್ಲ ಅಂತ ಒಂದು ಗೆರೆ ಬರ್ದಿದ್ರೆ ಆಗ್ತಿರಲಿಲ್ವಾ? ನನ್ನೆದುರಿಗೇ ತೆಗೀಬೋದಿತ್ತಲ್ಲ?"

ಮೇಷ್ಟ್ರು ಸುಳ್ಳು ಹೇಳುವವರಲ್ಲ. ಅದನ್ನು ನಾನು ಈ ವಿಷಯ ತಿಳಿದ ಮೇಲೂ ಹೇಳುತ್ತೇನೆ. ಅವರು ನೋಟ್‌ಬುಕ್ಕನ್ನು ಮುಚ್ಚಿ, "ತೆಗೆದಿದ್ರೆ ನೀವು ಹಾಗೆ ಹೇಳ್ತಿದ್ರಾ?" ಎಂದರು. "ಕಳ್ಕೊಂಡುಬಿಡ್ತೀನಿ ಅನ್ನೋ ಭಯ ಇದ್ದಿದ್ದಕ್ಕೇ ನಿಮ್ಮ ಬಾಯಲ್ಲಿ ಆ ಮಾತು ಹಾಗೆ ಬರ್ತಿತ್ತು. ಅದನ್ನ ಕೇಳೋಕೆ ನಾನು ಕನಕಪುರದಿಂದ ಬರ್ತಿದ್ದೆ."

ನನಗೆ ಆಗ ಪೂರ್ತಿ ತಿಳಿಯಿತು. ಮೂರು ಜನರೂ ನೆಮ್ಮದಿಯಾಗಿ ಕೂತು, ಭಯವನ್ನು ನನಗೊಬ್ಬನಿಗೆ ಇಟ್ಟಿದ್ದರು. ನಾನು ಕೈ ತೊಳೆದು ಬರುವಾಗ, ಕಣ್ಣು ಮುಚ್ಚಿ ತಾತನ ಮುಖ ಹುಡುಕುವಾಗ, ಬುಗುರಿ ಸುತ್ತುವಷ್ಟು ಹೊತ್ತು ಉಸಿರು ಹಿಡಿದಿರುವಾಗ, ಅವರಿಗೆ ಏನು ಬೀಳುತ್ತದೆಂದು ಹೆಚ್ಚುಕಡಿಮೆ ಗೊತ್ತಿತ್ತು. ಹಾಗಾದರೆ ಗೆಳೆಯ ಕುಣಿದದ್ದು ಏತಕ್ಕೆ? ಸಿಸ್ಟರ್ ಕಣ್ಣೊರೆಸಿಕೊಂಡದ್ದು ಏತಕ್ಕೆ? ಕೇಳಿದೆ. "ಮಾತಿಗೆ ಅಣ್ಣ, ಮಾತಿಗೆ ಅತ್ತಿದ್ದು. ಅದು ನಿಜ" ಎಂದರು ಸಿಸ್ಟರ್. ನಿಜವೇ ಇರಬಹುದು. ಆದರೆ ಎರಡು ವರ್ಷ ನಾನು ಮಾತಿನ ಬಲ ಎಂದುಕೊಂಡಿದ್ದದ್ದು ಅಂಗೈಯಲ್ಲಿ ಉರುಳುವ ಎರಡು ಸೀಸದ ಗುಂಡಾಗಿ ಎದುರಿಗೇ ಬಿದ್ದಿತ್ತು. ನಿಜ ಯಾವುದು, ಕುಣಿತ ಯಾವುದು ಎಂದು ಬಿಡಿಸಿ ನೋಡುವ ತಾಳ್ಮೆ ನನ್ನಲ್ಲಿರಲಿಲ್ಲ.

"ಶತ್ರುಗಳು ಮಾಡಿದ್ರೆ ಬಡಿದಾಡ್ಬೋದಿತ್ತು ಕಣ್ಲಾ" ಎಂದು ಗೆಳೆಯನಿಗೆ ಹೇಳಿ ಎದ್ದೆ.

"ನಿಲ್ಲೋ ಲೇ. ಗೃಹಪ್ರವೇಶಕ್ಕಾದ್ರೂ ಬತ್ತೀಯೋ ಇಲ್ವೋ?" ಎಂದು ಅವನು ಹಿಂದಿನಿಂದ ಕೂಗಿದ. ಹೋಗಲಿಲ್ಲ.

ಅದೇ ವಾರ ಊರಿಗೆ ಹೋಗಬೇಕಾಗಿ ಬಂತು. ದಾರಿಯುದ್ದಕ್ಕೂ ದೊಡ್ಡವ್ವನಿಗೆ ಹೇಗೆ ಹೇಳುವುದು ಎಂದು ಮಾತು ಜೋಡಿಸುತ್ತಿದ್ದೆ. ಅವಳು ಹಸುವಿಗೆ ಬೂಸ ಕಲೆಸುತ್ತಿದ್ದವಳು ತಲೆ ಎತ್ತಿ, ಎಂದಿನಂತೆ, "ಗೆಲ್ತೇನ್ಲಾ?" ಎಂದಳು.

"ಗೆಲ್ತು ಕಣವ್ವ" ಎಂದೆ.

"ಮತ್ತೆ!" ಎಂದಳು. ಕೈ ತೊಳೆದು, ಒಳಗೆ ಹೋಗಿ, ಇನ್ನೊಂದು ಮಾತು ನೆನಪಾಗೈತೆ, ಕೂತ್ಕೋ ಹೇಳ್ತೀನಿ ಎಂದು ಚಾಪೆ ಹಾಸಿದಳು. ಕೂತು ಕೇಳಿದೆ. ಆ ಮಾತನ್ನು ಈವರೆಗೆ ಎಲ್ಲೂ ಆಡಿಲ್ಲ. ಅವಳೆದುರು ಹೂಂಗುಟ್ಟುತ್ತಿರುವಾಗ, ಎರಡು ವರ್ಷ ಆ ಮೂವರು ನನ್ನೆದುರು ಕೂತಿದ್ದದ್ದೂ ಹೀಗೆಯೇ ಇದ್ದಿರಬೇಕು ಎಂದು ಹೊಳೆಯಿತು. ಹೊಳೆದದ್ದರಿಂದ ಸಿಟ್ಟು ಕಡಿಮೆಯೇನೂ ಆಗಲಿಲ್ಲ. ಇನ್ನಷ್ಟು ಹೆಚ್ಚಿತು. ನನ್ನನ್ನೂ ಅವರ ಸಾಲಿಗೇ ಎಳೆದು ಕೂರಿಸಿದ್ದರಲ್ಲ.

ಬಸ್ಸಿನಲ್ಲಿ ಮಾತು ಕಡಿಮೆಯಾಯಿತು. ಅಜ್ಜಿಯರನ್ನು ಏನೂ ಕೇಳುತ್ತಿರಲಿಲ್ಲ. "ಏನ್ ಕಂಡಕ್ಟ್ರೇ, ಮನೇಲಿ ಜಗಳ್ವಾ?" ಎಂದು ಮರಳವಾಡಿಗೆ ಹೋಗುವ ಹೆಂಗಸೊಬ್ಬಳು ಕೇಳಿದಳು. ಹಾಗೇ ಅನ್ಕೊಳಿ ಎಂದೆ. ಮೇಷ್ಟ್ರು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು, ಎತ್ತುತ್ತಿರಲಿಲ್ಲ. ಗೆಳೆಯ ಒಮ್ಮೆ ಚನ್ನಪಟ್ಟಣದ ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸಿನ ಕಿಟಕಿಯ ಕೆಳಗೆ ನಿಂತು, ಬಸ್ಸು ಹೊರಡುವವರೆಗೂ ಮೇಲೆ ನೋಡುತ್ತಿದ್ದು ಹೋದ.

ಐದಾರು ತಿಂಗಳಾದ ಮೇಲೆ ಫೋನ್ ಎತ್ತಿದೆ. ಮೇಷ್ಟ್ರು, "ಎಲ್ಲರಿಗೂ ಒಂದೇ ಬುಗುರಿ. ಬನ್ನಿ" ಎಂದರು ಅಷ್ಟೆ. ಭಾನುವಾರ ಹೋದೆ.

ಮೂವರೂ ನಾನು ನಿನ್ನೆಯಷ್ಟೇ ಬಂದುಹೋದವನ ಹಾಗೆ ನಡೆದುಕೊಳ್ಳಲು ನೋಡಿದರು. ಸಿಸ್ಟರ್ ಕೋಡುಬಳೆ ತಂದಿದ್ದರು. ಕತೆ ಶುರುವಾಯಿತು. ಒಂದು ಕಲ್ಲಿನ ಬಾಗಿಲ ಮುಂದೆ ಬಂದೆವು. ಅದಕ್ಕೆ ಚಿಲಕವಿಲ್ಲ, ಅಗುಳಿಯಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಕೈ ತೊಳೆಯಲಿಲ್ಲ. ಕಣ್ಣು ಮುಚ್ಚಲಿಲ್ಲ. "ಬಾಗ್ಲು ತೆಗಿ" ಎಂದು ಹೇಳಿ ಹಳದಿ ಬುಗುರಿಯನ್ನು ತಿರುಗಿಸಿ ಬಿಟ್ಟೆ.

ಹನ್ನೊಂದು ಬಿತ್ತು.

ಯಾರೂ ಕುಣಿಯಲಿಲ್ಲ. ಗೆಳೆಯ ಎರಡೂ ಕೈ ಮೇಲೆತ್ತಿ, "ನಾನ್ ಏನೂ ಮಾಡಿಲ್ಲ ಕಣ್ಲಾ, ನಮ್ಮವ್ವನಾಣೆ" ಎಂದ. ನಾನು ಬುಗುರಿಯನ್ನು ಎತ್ತಿ ಅಂಗೈಯಲ್ಲಿ ತೂಗಿದೆ. ಉಗುರಿನಿಂದ ಅರಗನ್ನು ಕೆರೆದೆ. ಮತ್ತೆ ತಿರುಗಿಸಿದೆ, ಮೂರು. ಮತ್ತೊಮ್ಮೆ, ಎಂಟು. ಆದರೂ ಮನಸ್ಸು ಒಪ್ಪಲಿಲ್ಲ.

"ಇದ್ನ ಕೊಯ್ದು ತೋರ್ಸು" ಎಂದೆ.

ಗೆಳೆಯ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ತಲೆಯಾಡಿಸಿದರು. ಅವನು ಎದ್ದು, ಬುಗುರಿಯನ್ನು ಮಿಷನ್ನಿಗೆ ಬಿಗಿಯಾಗಿ ಸಿಕ್ಕಿಸಿ, ಸಣ್ಣ ಗರಗಸ ತೆಗೆದುಕೊಂಡು ನಡುವೆ ಕೊಯ್ದ. ಎರಡು ಹೋಳನ್ನೂ ಪಂಚೆಯ ಅಂಚಿನಿಂದ ಒರೆಸಿ ತಂದು ನನ್ನ ಮುಂದಿಟ್ಟ. ಒಳಗೆ ಬರೀ ಬಿಳಿ ಮರ. ಸಿಸ್ಟರ್ ಕೋಡುಬಳೆಯ ಡಬ್ಬಿಯ ಮುಚ್ಚಳ ಹಾಕಿದರು. ಆಡಲು ಬೇರೆ ಬುಗುರಿ ಇರಲಿಲ್ಲವಾದ್ದರಿಂದ ಅವತ್ತಿನ ಆಟ ಅಲ್ಲಿಗೇ ನಿಂತಿತು. ಮೇಷ್ಟ್ರು ಹೆಲ್ಮೆಟ್ ಹಾಕಿಕೊಂಡರು, ನಾನು ಬಸ್ ಸ್ಟ್ಯಾಂಡಿಗೆ ನಡೆದೆ, ಗೆಳೆಯ ಮೂಲೆಯ ರಾಶಿಯಿಂದ ಒಂದು ಹಾಲೆ ಮರದ ತುಂಡು ಆರಿಸಿಕೊಂಡು ಮಿಷನ್ನಿನ ಸ್ವಿಚ್ ಹಾಕಿದ.